ಹಾಯಿ ಒಪ್ಪಿಸಿದ ದಿನ

ಅವರು ಬಟ್ಟೆಯನ್ನು ನಾಲಿಗೆಯಿಂದ ನೋಡುತ್ತಿದ್ದರು. ನಾವೆಲ್ಲ ಬೆಳಕಿಗೆ ಹಿಡಿದು ನೋಡುತ್ತೇವೆ, ಬೆರಳಿನಲ್ಲಿ ಉಜ್ಜಿ ನೋಡುತ್ತೇವೆ. ಅವರು ಅಂಚನ್ನು ತುಟಿಗೆ ತಂದು, ನಾಲಿಗೆಯ ತುದಿ ಮುಟ್ಟಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ "ಅಡ್ಡಿಲ್ಲ" ಎಂದೋ "ಇದ್ ಆತಿಲ್ಲ" ಎಂದೋ ತೀರ್ಪು ಕೊಡುತ್ತಿದ್ದರು. ಮುಂಬಯಿ ಪಕ್ಕದ ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಬಣ್ಣದ ಕಾರ್ಖಾನೆಯಲ್ಲಿ ಹೀಗೆ ಮಾಡುವುದೆಂದರೆ ಜೀವದ ಜೊತೆ ಆಟ. ನಾನು ಅಲ್ಲಿನ ಲ್ಯಾಬಿನವನು. ಧಾರವಾಡದಲ್ಲಿ ಕೆಮಿಸ್ಟ್ರಿ ಓದಿ ಬಂದವನೆಂಬ ಜಂಬ ಬೇರೆ. ಮೊದಲ ಸಲ ನೋಡಿದಾಗಲೇ ಗದರಿಬಿಟ್ಟೆ.

"ಅಲ್ರಿ, ಅದು ವಿಷ ಐತಿ. ನಾಲಿಗಿ ಸುಟ್ಟು ಹೋಗ್ತದ ನೋಡ್ರಿ."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಕಾಣಿ ಮಾರಾಯ್ರೆ, ಕಣ್ಣಿಗೆ ಕಾಂಬುದೆಲ್ಲ ಮೇಲ್ ಮೇಲಿಂದ್. ಒಳಗೆ ಎಂತ ಇತ್ತ್ ಅಂತ ನಾಲಿಗೆಗೇ ಗೊತ್ತಾಪುದ್" ಎಂದು ಹೇಳಿ ಮತ್ತೆ ಹೊಲಿಗೆಗೆ ಕೂತರು.

ಕಳೆದ ತಿಂಗಳು ಅವರು ಘಣಸೋಲಿಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ನಾಲಿಗೆ. ಒಂದೇ ಒಂದು ದಿನ, ನನ್ನೆದುರಿಗೆ, ಅವರು ಬೇಕೆಂದೇ ಅದನ್ನು ಬಳಸಲಿಲ್ಲ. ಆ ದಿನವನ್ನು ಬಿಟ್ಟು ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದರೆ ನಾನು ಎರಡನೆಯ ಸಲ ತಪ್ಪು ಮಾಡಿದಂತಾಗುತ್ತದೆ.

ಎಪ್ಪತ್ತರ ದಶಕದ ಮಾತು. ಕಾರ್ಖಾನೆಯಲ್ಲಿ ಬಣ್ಣದ ರಾಡಿಯನ್ನು ಸೋಸಲು ದೊಡ್ಡ ದೊಡ್ಡ ಪ್ರೆಸ್ಸುಗಳಿದ್ದವು. ಅವುಗಳ ಒಳಗೆ ಹಾಕುವ ದಪ್ಪ ಹತ್ತಿಯ ಬಟ್ಟೆ ಹೊಲಿಯುವುದು ಅವರ ಕೆಲಸ. ಹೊಲಿಗೆ ಒಂದು ಕೂದಲಿನಷ್ಟು ಸಡಿಲವಾದರೂ ಬಣ್ಣ ಸೋರಿ ಇಡೀ ಬ್ಯಾಚು ಹಾಳು. ಅವರ ಹೊಲಿಗೆ ಸೋರಿದ್ದು ನಾನು ಕಂಡಿಲ್ಲ. ಅವರ ಬೆರಳು ನೋಡಿ ಈ ವಾರ ಯಾವ ಬಣ್ಣ ನಡೆದಿದೆ ಎಂದು ಹೇಳಬಹುದಿತ್ತು. ಸೋಮವಾರ ನೀಲಿ ಇದ್ದದ್ದು ಶನಿವಾರಕ್ಕೆ ಕುಂಕುಮದ ಕೆಂಪಾಗಿರುತ್ತಿತ್ತು. ಹೊರಗೆ ನಾಲೆಯೂ ಅದೇ ಬಣ್ಣದಲ್ಲಿ ಹರಿಯುತ್ತಿತ್ತು.

ಊರು ಗಂಗೊಳ್ಳಿಯ ಕಡೆ. ತಂದೆ ಹಾಯಿಹಡಗಿನ ತಂಡೇಲ, ಅಂದರೆ ಹಡಗು ನಡೆಸುವವರು. ಮಂಗಳೂರು ಹೆಂಚು ತುಂಬಿಕೊಂಡು ಮುಂಬಯಿಗೆ, ಕೆಲವೊಮ್ಮೆ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಒಳಗೆ ಕಲ್ಯಾಣದವರೆಗೆ ಬರುತ್ತಿದ್ದರಂತೆ. ಇವರೂ ಹತ್ತೆಂಟು ವರ್ಷ ಆ ಹಡಗಿನಲ್ಲಿ ಹಾಯಿ ಹೊಲಿದವರೇ. ಆಮೇಲೆ ಹೆಂಚು ಲಾರಿ ಹತ್ತಿತು, ಹಡಗು ದಡ ಹತ್ತಿತು, ಇವರು ಡೊಂಬಿವಲಿ ಲೋಕಲ್ ಹತ್ತಿದರು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು "ಕಪ್ತಾನ್" ಎನ್ನುತ್ತಿದ್ದರು. ಅರ್ಧ ತಮಾಷೆ, ಅರ್ಧ ಪ್ರೀತಿ. ತಲೆ ಪೂರ್ತಿ ಬೋಳು. ಗೇಟಿನಲ್ಲಿ ಒಂದು ಗಳಿಗೆ ನಿಂತು "ಇವತ್ತ್ ಗಾಳಿ ಪಡುವಣದ್ದ್" ಎನ್ನುವರು. ಹೇಗೆ ಗೊತ್ತಾಯ್ತು ಎಂದರೆ, "ತಲೆಯಲ್ಲೇ ಗೊತ್ತಾತ್. ನಿಮ್ಗೆ ಕೂದಲ್ ಅಡ್ಡ ಬತ್ತ್" ಎಂದು ನನ್ನ ಕ್ರಾಪನ್ನು ಗೇಲಿ ಮಾಡುವರು. ಈಗ ನನ್ನ ತಲೆಯೂ ಬೋಳು. ಗಾಳಿಯ ವಿಷಯ ನನಗೆ ಇನ್ನೂ ಗೊತ್ತಾಗುವುದಿಲ್ಲ.

ನಾವಿಬ್ಬರೂ ಒಂದೇ ಚಾಳಿನಲ್ಲಿದ್ದೆವು. ಅವರು ಕೆಳಗೆ, ನಾನು ಮಾಳಿಗೆಯ ಕೊನೆಯ ಖೋಲಿಯಲ್ಲಿ. ನಮ್ಮ ಚಾಳಿನ ಬಟ್ಟೆ ಒಣಹಾಕುವ ಹಗ್ಗಗಳನ್ನೆಲ್ಲ ಕಟ್ಟಿಕೊಟ್ಟವರು ಅವರು. ಎಷ್ಟೇ ಒದ್ದೆ ಚಾದರ ಹಾಕಿ, ಗಂಟು ಜಗ್ಗುತ್ತಿರಲಿಲ್ಲ. ಬಿಚ್ಚಬೇಕೆಂದರೆ ಒಂದು ಬಾಲ ಹಿಡಿದು ಎಳೆದರೆ ಸಾಕು. ಮೊದಲ ಮಳೆಯ ದಿನ ಅವರು ಕೊಡೆಯನ್ನೂ ಹಿಡಿಯದೆ ಬಂದು ಎಲ್ಲ ಹಗ್ಗಗಳನ್ನು ಒಂದು ಗೇಣು ಸಡಿಲಿಸಿ ಹೋಗುತ್ತಿದ್ದರು. ನೆನೆದ ಹಗ್ಗ ಬಿಗಿಯುತ್ತದೆ, ಬಿಗಿದರೆ ಮೊಳೆ ಕಿತ್ತು ಬರುತ್ತದೆ ಎಂದು ಕಾರಣ. ಹೆಂಗಸರು ಮರಾಠಿಯಲ್ಲಿ ಅವರಿಗೆ ಚಹಾ ಹೇಳುವರು, ಅವರು ಕನ್ನಡದಲ್ಲಿ ಬೇಡ ಎನ್ನುವರು, ಕೊನೆಗೆ ಚಹಾ ಕುಡಿದೇ ಹೋಗುವರು.

ನನಗೆ ಅವರ ಸಹವಾಸ ಬೆಳೆದದ್ದು ದೋಣಿಯಿಂದ. ನಾನು ಗದಗ ಕಡೆಯ ಎರೆಮಣ್ಣಿನವನು, ಕೆರೆಗಿಂತ ದೊಡ್ಡ ನೀರು ಕಂಡದ್ದೇ ಇಲ್ಲಿಗೆ ಬಂದ ಮೇಲೆ. ಒಂದು ಭಾನುವಾರ ಅವರು "ಬನ್ನಿ, ಒಂದ್ ಜನ ತೋರಿಸ್ತೆ" ಎಂದು ನನ್ನನ್ನು ಮೋಠಾಗಾವ್‌ನ ಮರಳು ಇಳಿಸುವ ರೇತಿ ಬಂದರಿಗೆ ಕರೆದೊಯ್ದರು. ಯಾರನ್ನೋ ಪರಿಚಯ ಮಾಡಿಸುತ್ತಾರೆಂದು ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ. ನೋಡಿದರೆ ಹುಣಸೆಮರದ ಕೆಳಗೆ ಕವುಚಿ ಬಿದ್ದ ಸಣ್ಣ ಹಾಯಿದೋಣಿ. ಅವರು ಅದರ ಬೆನ್ನು ತಟ್ಟಿ "ಇವ್ಳೇ" ಎಂದರು.

ದೋಣಿ ಧರ್ಮಾ ಎಂಬ, ಅಲ್ಲಿನ ಆಗ್ರಿ ಜಾತಿಯ ರೈತನದು. ಅವನ ಅಪ್ಪ ಅದರಲ್ಲಿ ಹಾಯಿ ಕಟ್ಟಿ ಹುಲ್ಲು ಸಾಗಿಸುತ್ತಿದ್ದನಂತೆ. ಧರ್ಮಾನಿಗೆ ಗಾಳಿಯ ಹಂಗು ಬೇಡವಾಗಿತ್ತು. ಅದರ ಕೂವೆಮರ, ಎಂದರೆ ಹಾಯಿ ಹೊರುವ ಕಂಬ, ಅದನ್ನು ಕೊಯ್ದು ತೆಗೆದು ದೋಣಿಯನ್ನು ರೇತಿ ಹೊರುವುದಕ್ಕೆ ಹಚ್ಚಬೇಕೆಂದಿದ್ದ. ಇವರು ಅವನ ಬೆನ್ನು ಬಿಡಲಿಲ್ಲ. ನಿನ್ನ ಅಪ್ಪನ ಹಾಯಿ ನಾನು ಸರಿ ಮಾಡಿಕೊಡುತ್ತೇನೆ, ಹಗ್ಗ ನಾನು ಕಟ್ಟುತ್ತೇನೆ, ಕಂಬ ಕೊಯ್ಯಬೇಡ ಎಂದು ನಾಲ್ಕೈದು ಭಾನುವಾರ ಬಡಿದುಕೊಂಡರು. ಕೊನೆಗೆ ಧರ್ಮಾ ನಕ್ಕು ಒಂದು ಶರತ್ತು ಹಾಕಿದ. ನಾರಳಿ ಪೌರ್ಣಿಮೆಯ ದಿನ, ಖಾಡಿಗೆ ತೆಂಗಿನಕಾಯಿ ಕೊಟ್ಟು ದೋಣಿ ಇಳಿಸುವ ಹಬ್ಬದಂದು, ಹಾಯಿ ಏರಿಸಬೇಕು.

"ದಿವ್ಯಾಲಾ ಜಾವೂನ್ ಯೇ, ಡೋಲ್ಕಾಠೀ ರಾಹೀಲ್" ಎಂದ. ದಿವಾ ತಿರುವಿನವರೆಗೆ ಹೋಗಿ ವಾಪಸು ಬಂದರೆ ಕೂವೆ ಉಳಿಯುತ್ತದೆ, ಭಾನುವಾರ ಭಾನುವಾರ ದೋಣಿ ನಿನ್ನದೇ. ಇಲ್ಲದಿದ್ದರೆ ಗರಗಸ.

ಆ ಬೇಸಿಗೆಯ ಎಲ್ಲ ಭಾನುವಾರಗಳೂ ಹುಣಸೆಮರದ ಕೆಳಗೆ ಕಳೆದವು. ಹಾಯಿಯನ್ನು ಧರ್ಮಾನ ಅಟ್ಟದಿಂದ ಇಳಿಸಿದಾಗ ಅದು ಹಾಯಿಯ ಹಾಗೆ ಕಾಣುತ್ತಿರಲಿಲ್ಲ, ಮದುವೆ ಮುಗಿದ ಮೇಲಿನ ಜಮಖಾನೆಯ ಹಾಗಿತ್ತು. ಅವರು ಅದನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಮೊಣಕಾಲೂರಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನಾಲಿಗೆ ಮುಟ್ಟಿಸುತ್ತ ಹೋದರು. ಆಗದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿದರು. ಗುರುತು ಬಿದ್ದ ಪಟ್ಟಿಗಳನ್ನು ಕೊಯ್ದು, ಕಲ್ಯಾಣದ ಪೇಟೆಯಿಂದ ತಂದ ಗಟ್ಟಿ ಕೋರಾ ಬಟ್ಟೆಯನ್ನು ಅಲ್ಲಿ ಕೂರಿಸಿದರು. ಅಂಗೈಗೆ ತೊಗಲಿನ ಪಟ್ಟಿ ಕಟ್ಟಿ, ನೂಲಿಗೆ ಜೇನುಮೇಣ ತೀಡಿ, ಒಂದು ಗೇಣಿಗೆ ಇಷ್ಟೇ ಹೊಲಿಗೆ ಎಂದು ಲೆಕ್ಕ ತಪ್ಪದೆ ಹೊಲಿಯುತ್ತಿದ್ದರು. ಹಾಯಿಯ ಅಂಚಿಗೆ ಸುತ್ತಲೂ ಹಗ್ಗ ಹೊಲಿಯುವಾಗ ನನ್ನನ್ನು ಹತ್ತಿರ ಕೂರಿಸಿಕೊಂಡು, "ಬಟ್ಟೆ ಚೂರು ಸಡ್ಲ ಬಿಡ್ಕ್, ಹಗ್ಗ ಬಿಗಿ ಹಿಡೀಕ್. ಎಳ್ತ ಎಲ್ಲ ಹಗ್ಗಕ್ಕೆ ಬೀಳ್ಕ್, ಬಟ್ಟೆಗೆ ಬೀಳುಕಾಗ" ಎಂದು ಹೇಳಿಕೊಟ್ಟರು. ನಾನು ತಲೆಯಾಡಿಸಿದೆ. ನನ್ನ ಪಾಲಿಗೆ ಬಂದ ಕೆಲಸವೆಂದರೆ ಮೇಣದ ಉಂಡೆ ಹಿಡಿಯುವುದು, ಕೂವೆಮರಕ್ಕೆ ಮೀನೆಣ್ಣೆ ತಿಕ್ಕುವುದು. ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, "ಲಿಂಗಾಯತರ ಮನಿಯಾಗ ಇದೇನ್ ವಾಸನಿರಿ?" ಎಂದು ತಲೆಯ ಮೇಲೆ ನೀರು ಸುರಿಯುತ್ತಿದ್ದಳು.

ಹಗ್ಗದ ಕೆಲಸ ನೋಡುವುದೇ ಒಂದು ಸುಖ. ಕೂವೆಯನ್ನು ಎರಡೂ ಬದಿಗೆ ಹಿಡಿದು ನಿಲ್ಲಿಸುವ ಹಗ್ಗಗಳ ತುದಿಯನ್ನು ಗಂಟು ಹಾಕುತ್ತಿರಲಿಲ್ಲ. ಎಳೆಗಳನ್ನು ಬಿಚ್ಚಿ, ಹಿಂದಕ್ಕೆ ತಿರುಗಿಸಿ, ಜಡೆಯಂತೆ ಅದೇ ಹಗ್ಗದೊಳಗೆ ಹೆಣೆದುಬಿಡುತ್ತಿದ್ದರು. ಹೆಣೆದ ಮೇಲೆ ತುದಿ ಎಲ್ಲಿ ಎಂದು ನನಗೆ ಸಿಗುತ್ತಿರಲಿಲ್ಲ. "ಎಲ್ಲಿ, ತೋರ್ಸಿ ಕಾಂಬ" ಎಂದು ಅವರು ಮಕ್ಕಳ ಹಾಗೆ ನಗುತ್ತಿದ್ದರು.

ಹೀಗೆ ಕೂತಾಗಲೇ ಅವರು ಹಾಯಿ ಒಪ್ಪಿಸುವ ಕ್ರಮದ ಬಗ್ಗೆ ಹೇಳಿದ್ದು. ಮಳೆಗಾಲದಲ್ಲಿ ಹಡಗು ದಡಕ್ಕೆ ಎಳೆದ ಮೇಲೆ ಹಾಯಿಯನ್ನು ಯಾರಾದರೂ ಒಬ್ಬನ ಮನೆಯಲ್ಲಿ ಇಡುತ್ತಿದ್ದರು. ಮಳೆ ಮುಗಿದು ವಾಪಸು ತರುವಾಗ ತಂಡೇಲ ಅವನಿಗೆ ಮೂರು ಮಾತು ಕೇಳುವುದು. ನೀರು ಕುಡಿಯಿತಾ, ಇಲಿ ಕಚ್ಚಿತಾ, ಕೈ ತಪ್ಪಿತಾ, ಅಂದರೆ ನಿನ್ನ ಕೈಯಿಂದಲೇ ಏನಾದರೂ ಕೆಟ್ಟಿತಾ. ಇಟ್ಟುಕೊಂಡವನು ಹಾಯಿಯ ಮೇಲೆ ಕೈಯಿಟ್ಟು ಉತ್ತರ ಹೇಳಬೇಕು. ಕೇಳುವುದು ಒಂದೇ ಸಲ. ಅವನು ಇಲ್ಲ ಎಂದ ಮೇಲೆ ತಂಡೇಲ ಹಾಯಿಯನ್ನು ಪರೀಕ್ಷೆ ಮಾಡುವಂತಿಲ್ಲ.

"ಸುಳ್ಳು ಹೇಳಿದ್ರ?" ಎಂದು ಕೇಳಿದೆ.

"ಎಂತಕ್ ಹೇಳುದ್? ಅದೇ ಹಡಗಲ್ಲಿ ಅವ್ನೂ ಬಪ್ಪುದಲ್ದಾ?"

"ಖರೇ ಹೇಳಿದ್ರ ಏನ್ ಶಿಕ್ಷಾ?"

ಅವರು ನೂಲು ಹಲ್ಲಿನಿಂದ ಕಡಿದು ನಕ್ಕರು. "ಶಿಕ್ಷೆ ಎಂತದ್ದ್? ಒಂದ್ ವರ್ಷ ನಮ್ ಮಂಜ, ಇಲಿ ಕಚ್ಚಿತ್ ಅಂದ. ಅಪ್ಪಯ್ಯ ಅವ್ನ ಕೈಗೆ ಒಂದ್ ಸೂಜಿ ಕೊಟ್ರ್. ಕೂತ್ಕೋ ಅಂದ್ರ್. ಇಬ್ರೂ ಸೇರಿ ಹೊಲ್ದ್ರ್. ಅಷ್ಟೇ."

ಮಳೆ ಶುರುವಾಗುವ ಹೊತ್ತಿಗೆ ಹಾಯಿ ಸಿದ್ಧವಾಯಿತು. ಹಳೆಯ ಪಟ್ಟಿಗಳು ಮಾಸಲು ಕಂದು, ಹೊಸವು ಕೆನೆಯ ಬಣ್ಣ. ಜುಲೈನಲ್ಲಿ ಊರಿನಿಂದ ಅವರ ಅಣ್ಣನಿಗೆ ಹುಷಾರಿಲ್ಲವೆಂದು ತಂತಿ ಬಂತು. ಗಂಡ ಹೆಂಡತಿ ಇಬ್ಬರೂ ಒಂದು ತಿಂಗಳಿಗೆಂದು ಹೊರಟರು. ಅವರ ಖೋಲಿಗೆ ಮಳೆಗಾಲದಲ್ಲಿ ಮೊಣಕಾಲು ನೀರು ನುಗ್ಗುತ್ತಿತ್ತು. ಹಾಯಿ ನನ್ನ ಮನೆಯ ಅಟ್ಟಕ್ಕೆ ಬಂತು. ಇಡುವಾಗ ಅವರು ಹೇಳಿದ್ದು ಇಷ್ಟೇ. ಮಳೆ ಬಿಟ್ಟಾಗಲೆಲ್ಲ ಬಿಚ್ಚಿ ಗಾಳಿಗೆ ಹರಡಿ. ಮಡಿಸುವಾಗ ಹಳೆಯ ಮಡಿಕೆಯಲ್ಲೇ ಮಡಿಸಬೇಡಿ. ಕಪ್ಪು ಚುಕ್ಕಿ ಬಂದರೆ ಒಣ ನಾರಿನಿಂದ ಉಜ್ಜಿ, ಏನೇ ಆದರೂ ತೊಳೆಯಬೇಡಿ.

ಮೊದಲ ವಾರ ನಾನು ನಿಷ್ಠೆಯಿಂದ ಮಾಡಿದೆ. ಎರಡನೆಯ ವಾರ ಗದಗದಿಂದ ಹೆಂಡತಿಯ ಅಣ್ಣ, ಅತ್ತಿಗೆ, ಅವರ ಮಕ್ಕಳು ಬಂದಿಳಿದರು, ಮುಂಬಯಿ ನೋಡಲು. ಹತ್ತು ಅಡಿಯ ಖೋಲಿಯಲ್ಲಿ ಏಳು ಜನ. ನನ್ನ ಭಾವನಿಗೆ ಅಟ್ಟದ ಗಂಟು ಬಹಳ ಇಷ್ಟವಾಯಿತು. ಅದನ್ನು ಇಳಿಸಿಕೊಂಡು, ಲೋಡಿನ ಹಾಗೆ ಗೋಡೆಗಿಟ್ಟು ಒರಗಿ, ಹದಿನೈದು ದಿನ ಅಲ್ಲಿಂದಲೇ ರಾಜಕೀಯ ಮಾತಾಡಿದರು. ಮಳೆಯೂ ಬಿಡಲಿಲ್ಲ. ಗೋಡೆ ಬೆವರುತ್ತಿತ್ತು. ಭಾವನಿಗೆ "ಏಳ್ರಿ" ಎನ್ನುವ ಧೈರ್ಯ ನನಗಿರಲಿಲ್ಲ. ಧೈರ್ಯದ ವಿಷಯ ಬಂದಾಗ ನಾನು ಯಾವಾಗಲೂ ಹಾಗೆಯೇ.

ನೆಂಟರು ರೈಲು ಹತ್ತಿದ ಮೇಲೆ ಹಾಯಿ ಬಿಚ್ಚಿದೆ. ಗೋಡೆಯ ಕಡೆಯ ಮಡಿಕೆಗಳ ಉದ್ದಕ್ಕೂ ಕಪ್ಪು ಬೂಸು. ಕೈಯಗಲದ ಮಚ್ಚೆಗಳು, ಕೊಳೆತ ಬಟ್ಟೆಯ ವಾಸನೆ. ನಾರಿನಿಂದ ಉಜ್ಜಿದೆ. ಹೋಗಲಿಲ್ಲ, ಇನ್ನಷ್ಟು ಹರಡಿತು. ಕಪ್ತಾನರು ಊರಿನಿಂದ ಬರಲು ಆರು ದಿನ ಉಳಿದಿತ್ತು, ಪೌರ್ಣಿಮೆಗೆ ಒಂಬತ್ತು.

ಹೆಂಡತಿ "ಬಂದ ಮ್ಯಾಲೆ ಹೇಳ್ರಿ, ಅವ್ರೇನ್ ತಿಂತಾರೇನ್ರಿ?" ಎಂದಳು. ಅವಳ ಮಾತು ಕೇಳಬೇಕಿತ್ತು. ಆದರೆ ನಾನು ಕೆಮಿಸ್ಟ್ರಿಯವನು. ಬಟ್ಟೆಯ ಮೇಲಿನ ಕಲೆಗೆ ಸೋಲುವುದೆಂದರೇನು? ಕಾರ್ಖಾನೆಯಿಂದ ಒಂದು ಕ್ಯಾನು ಬ್ಲೀಚಿಂಗ್ ನೀರು ತಂದೆ. ನಮ್ಮ ಎಂಐಡಿಸಿಯವರ ಮನೆಗಳಲ್ಲಿ ಬಚ್ಚಲ ಮೋರಿ ತೊಳೆಯುವುದರಿಂದ ಹಿಡಿದು ಬನಿಯನ್ ಬೆಳ್ಳಗೆ ಮಾಡುವವರೆಗೆ ಎಲ್ಲದಕ್ಕೂ ಅದೇ ಮದ್ದು. ಸ್ವಲ್ಪ ಸಾಕು ಎಂದು ಗೊತ್ತಿದ್ದರೂ, ಚುಕ್ಕಿ ಬೇಗ ಹೋಗಲೆಂದು ಗಟ್ಟಿಯಾಗಿಯೇ ಹಾಕಿದೆ. ಹಾಯಿ ನಮ್ಮ ಮೋರಿಯಲ್ಲಿ ಹಿಡಿಸಲಿಲ್ಲ, ಪಟ್ಟಿ ಪಟ್ಟಿಯಾಗಿ ಅದ್ದಿದೆ. ಚುಕ್ಕಿ ಕಣ್ಣೆದುರೇ ಮಾಯವಾಯಿತು. ನನ್ನ ಹೆಮ್ಮೆ ಕೇಳಬೇಡಿ.

ಆಮೇಲೆ ತೊಳೆಯಬೇಕಲ್ಲ. ಬ್ಲೀಚಿನ ಕಾವು ಕೊಲ್ಲಲು ಇನ್ನೊಂದು ಮದ್ದಿದೆ, ಅದಕ್ಕೆ ಸ್ಟೋರಿನಲ್ಲಿ ಚೀಟಿ ಬರೆದುಕೊಡಬೇಕು, ಯಾಕೆ ಎಂದು ಹೇಳಬೇಕು. ಅದನ್ನು ಬಿಟ್ಟೆ. ಬರೀ ನೀರಿನಲ್ಲಾದರೂ ಹತ್ತು ಸಲ ಜಾಲಿಸಬೇಕು. ನಮ್ಮ ಚಾಳಿಗೆ ನಲ್ಲಿ ಬರುತ್ತಿದ್ದದ್ದು ಬೆಳಿಗ್ಗೆ ಮುಕ್ಕಾಲು ಗಂಟೆ. ಎರಡು ಡ್ರಮ್ಮಿನ ನೀರಿನಲ್ಲಿ ಎರಡು ಸಲ ಜಾಲಿಸಿದೆ, ನೀರು ಮುಗಿಯಿತು. ಹೊರಗೆ ಅಂಗಳದಲ್ಲಿ ಮಳೆಗೆ ಹಿಡಿದರೆ ಇಡೀ ಚಾಳು ನೋಡುತ್ತದೆ, ಸುದ್ದಿ ಅವರಿಗೆ ಮುಟ್ಟುತ್ತದೆ. ಮರುದಿನ ಬಿಸಿಲು ಬಿತ್ತು, ಗಾಳಿಗೆ ಹರಡುವ ನೆವದಲ್ಲಿ ಗ್ಯಾಲರಿಯಲ್ಲಿ ಒಣಹಾಕಿದೆ. ಹಾಯಿ ಮಲ್ಲಿಗೆಯ ಹಾಗೆ ಬೆಳ್ಳಗಾಗಿತ್ತು. ದಪ್ಪ ಹೊಲಿಗೆಗಳ ಒಳಗೆ, ಅಂಚಿನ ಹಗ್ಗದ ಒಳಗೆ ಏನು ಉಳಿದಿದೆ, ಅದು ಹತ್ತಿಯನ್ನು ಹೇಗೆ ತಿನ್ನುತ್ತದೆ ಎಂದು ನನಗೆ ಗೊತ್ತಿತ್ತು. ಕೆಮಿಸ್ಟ್ರಿಯಲ್ಲಿ ಫಸ್ಟ್ ಕ್ಲಾಸ್ ಬಂದವನಿಗೆ ಗೊತ್ತಿರದೆ ಇರುತ್ತದೆಯೇ. ಏನೂ ಆಗಲಿಕ್ಕಿಲ್ಲ ಎಂದುಕೊಂಡೆ.

ಅವರು ಊರಿನಿಂದ ಬಂದ ಸಂಜೆ ಸೀದಾ ಮೇಲೆ ಬಂದರು. ಅಣ್ಣ ಉಳಿದಿರಲಿಲ್ಲ. ತಲೆಯ ಮೇಲೆ ಕೂದಲಿಲ್ಲದ ಅವರು ಗಡ್ಡ ಮೀಸೆಯನ್ನೂ ತೆಗೆಸಿಕೊಂಡಿದ್ದರು, ಬೇರೆಯೇ ಮನುಷ್ಯನ ಹಾಗೆ ಕಂಡರು. ನನ್ನ ಹೆಂಡತಿ ಚಹಾ ಕೊಟ್ಟಳು. ಹಾಯಿಯನ್ನು ಖೋಲಿಯ ನಡುವೆ ಇಟ್ಟೆ. ಅವರು ಅದನ್ನು ನೋಡಿದರು.

"ಬೆಳ್ಳಗಾಯ್ತ್" ಎಂದರು.

"ಬಿಸಿಲಿಗೆ ಹಾಕಿದ್ನಲ್ರಿ" ಎಂದೆ.

ಅವರು ಎದ್ದು ನಿಂತರು. ಚಹಾದ ಕಪ್ಪು ಪಕ್ಕಕ್ಕಿಟ್ಟು, ಶರ್ಟಿನ ಗುಂಡಿ ಹಾಕಿಕೊಂಡರು. ನನಗೆ ನಗು ಬರುವ ಹಾಗಾಯಿತು, ಹತ್ತು ಅಡಿಯ ಖೋಲಿಯಲ್ಲಿ ಈ ಶಿಸ್ತು ಯಾಕೆ ಎಂದು. ನನ್ನ ಕೈ ಹಿಡಿದು ಹಾಯಿಯ ಮೇಲೆ ಇಟ್ಟರು.

"ನೀರ್ ಕುಡೀತಾ?"

"ಇಲ್ರಿ."

"ಇಲಿ ಕಚ್ಚಿತಾ?"

"ಇಲ್ರಿ."

"ಕೈ ತಪ್ಪಿತಾ?"

ಹೆಂಡತಿ ಒಲೆಯ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದಳು. ಹೇಳಿಬಿಡಬೇಕೆಂದು ಬಾಯಿ ತೆರೆದದ್ದು ನನಗೆ ಚೆನ್ನಾಗಿ ನೆನಪಿದೆ. ಏನು ಆಗುತ್ತಿತ್ತು? ಒಂದು ಸೂಜಿ ಕೊಡುತ್ತಿದ್ದರು. ಮೂರು ದಿನ ಇತ್ತು. ಎಳೆತ ಬೀಳುವ ಪಟ್ಟಿಗಳಿಗಾದರೂ ಹೊಸ ಬಟ್ಟೆ ಕೂರಿಸಬಹುದಿತ್ತು. ಆದರೆ ಈ ಐದು ಕ್ಲಾಸು ಓದಿದ ಮನುಷ್ಯನ ಮುಂದೆ, ತೊಳೆಯಬೇಡಿ ಎಂದು ಅವರು ಬಿಡಿಸಿ ಹೇಳಿದ್ದನ್ನು ಬಿ.ಎಸ್ಸಿ. ಮಾಡಿದ ನಾನು ಕೆಡಿಸಿದೆ ಎಂದು ಹೇಗೆ ಹೇಳಲಿ?

"ಇಲ್ರಿ" ಎಂದೆ.

ಅವರು ಹಾಯಿಯ ಒಂದು ಮೂಲೆ ಎತ್ತಿದರು. ರೂಢಿಯಂತೆ ಅದು ತುಟಿಯವರೆಗೆ ಬಂತು. ಅಲ್ಲಿ ನಿಂತಿತು. ಅವರು ಅದನ್ನು ಹಾಗೆಯೇ ಕೆಳಗಿಳಿಸಿ, ಮಡಿಸಿ, ಹೆಗಲ ಮೇಲೆ ಹೊತ್ತುಕೊಂಡು ಮೆಟ್ಟಿಲಿಳಿದು ಹೋದರು. ನಾನು ಬದುಕಿದೆ ಎಂದುಕೊಂಡೆ.

ಹುಣ್ಣಿಮೆಯ ಮಧ್ಯಾಹ್ನ ಖಾಡಿಯಲ್ಲಿ ತುಂಬು ಭರತ. ದಡದಲ್ಲಿ ಜನ, ತಟ್ಟೆಗಳಲ್ಲಿ ಹೂವು ಸುತ್ತಿದ ತೆಂಗಿನಕಾಯಿ, ಆಗ್ರಿ ಹೆಂಗಸರ ಹಾಡು. ಅವರು ಒಗೆದ ಬಿಳಿ ಪಂಚೆ ಉಟ್ಟು ಬಂದಿದ್ದರು. ಇಳಿತದ ಜೊತೆ ಹೋಗಿ, ಗಾಳಿಯ ಜೊತೆ ವಾಪಸು ಬರುವುದು ಅವರ ಲೆಕ್ಕ. ದೋಣಿಯಲ್ಲಿ ನಾವು ಮೂರೇ ಜನ. ಅವರು ಚುಕ್ಕಾಣಿಗೆ, ಧರ್ಮಾ ಹಗ್ಗಕ್ಕೆ, ನಾನು ನಡುವೆ ಭಾರಕ್ಕೆ. ಹಾಯಿ ಮೇಲೇರಿದಾಗ ದಡದವರು ಕೂಗಿದರು. ಅಷ್ಟು ಬಿಳಿಯ ಹಾಯಿಯನ್ನು ಅವರು ಯಾರೂ ಕಂಡಿರಲಿಲ್ಲ.

ಅದು ಗಾಳಿ ಹಿಡಿದ ಕ್ಷಣ ದೋಣಿ ಒಂದು ಕಡೆ ವಾಲಿ, ನೀರು ಪಕ್ಕದಲ್ಲಿ ಗುಸುಗುಟ್ಟಲು ಶುರುಮಾಡಿತು. ಎಂಜಿನ್ನಿಲ್ಲ, ಹುಟ್ಟು ಹಾಕುವವರಿಲ್ಲ, ಸುಮ್ಮನೆ ಮುಂದೆ ಹೋಗುತ್ತಿದ್ದೇವೆ. ನಾನು ಏನೋ ಹೇಳಹೊರಟೆ. ಅವರು "ಈಗ ಮಾತಾಡ್ಬೇಡಿ" ಎಂದರು. ಅವರ ಮುಖ ನೋಡಿದೆ. ಚಾಳಿನಲ್ಲಿ, ಕಾರ್ಖಾನೆಯಲ್ಲಿ ಇಷ್ಟು ವರ್ಷ ನಾನು ಕಂಡ ಮನುಷ್ಯ ಇವರಲ್ಲ, ಇವರ ಬಾಡಿಗೆದಾರ ಅಷ್ಟೇ ಎನ್ನಿಸಿತು. ಸತ್ಯವಾಗಿ ಹೇಳುತ್ತೇನೆ, ನಾನು ಆ ಹೊತ್ತಿನಲ್ಲಿ ಬ್ಲೀಚನ್ನು ಮರೆತೇಬಿಟ್ಟಿದ್ದೆ.

ಮೊದಲ ತಿರುವಿನಲ್ಲಿ ಗಾಳಿ ಜೋರಾಗಿ ಹೊಡೆಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಹಳೆಯ ಪಂಚೆ ಹರಿದ ಹಾಗೆ, ಪರ್ ಎಂದು, ಮೇಲಿನ ಮೂಲೆಯಿಂದ ಕೆಳಗಿನವರೆಗೆ. ಹಿಂದೆಯೇ ಇನ್ನೊಂದು ಪಟ್ಟಿ. ಧರ್ಮಾ ಹಗ್ಗ ಬಿಟ್ಟ. ಹಾಯಿ ಚಿಂದಿಯಾಗಿ ನಮ್ಮ ಮೂವರ ತಲೆಯ ಮೇಲೆ ಬಿತ್ತು.

ಅವರು ಹರಿದ ಅಂಚನ್ನು ಹುಡುಕಿ ಕೈಗೆ ತೆಗೆದುಕೊಂಡರು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಹೊಲಿಗೆಯ ಪಕ್ಕದಲ್ಲಿ ಬಟ್ಟೆಯೇ ಹಿಟ್ಟಿನ ಹಾಗೆ ಉದುರಿತ್ತು. ಆಗ ಅದನ್ನು ನಾಲಿಗೆಗೆ ಮುಟ್ಟಿಸಿದರು. ಕಣ್ಣು ಮುಚ್ಚಿ, ಯಾವಾಗಿನಷ್ಟೇ ಹೊತ್ತು. ಅವರು ನನ್ನ ಕಡೆ ನೋಡುತ್ತಾರೆಂದು ಕಾದೆ. ನೋಡಲಿಲ್ಲ. ಧರ್ಮಾನ ಕಡೆ ತಿರುಗಿ, "ಮೇರಾ ಸಿಲಾಯಿ ಖರಾಬ್ ಥಾ" ಎಂದರು. ನನ್ನ ಹೊಲಿಗೆ ಕೆಟ್ಟದಿತ್ತು.

ಅವರ ಹೊಲಿಗೆ! ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಧರ್ಮಾ ಒಳ್ಳೆಯವನು, ಕೇಳಿದ್ದರೆ ಇನ್ನೊಂದು ಹುಣ್ಣಿಮೆಯವರೆಗೆ ಕಾಯುತ್ತಿದ್ದ. ನಾನು ಹುಟ್ಟು ಹಿಡಿದು ಕೂತೆ. ದಡದಲ್ಲಿ ಹಾಡು ನಿಂತಿತ್ತು. ನಾಲ್ಕು ದಿನ ಬಿಟ್ಟು ಧರ್ಮಾ ಕೂವೆಮರ ಕೊಯ್ಯಿಸಿದ. ಅವರು ಹೋಗಿ ಹೆಣೆದ ಹಗ್ಗಗಳನ್ನು ಬಿಚ್ಚಿಕೊಂಡು, ಹರಿದ ಹಾಯಿಯನ್ನೂ ಕೇಳಿ ಇಸಿದುಕೊಂಡು ಬಂದರಂತೆ. ನಾನು ಜೊತೆಗೆ ಹೋಗಲಿಲ್ಲ.

ಕಾರ್ಖಾನೆಯಲ್ಲಿ ಕೆಲವು ತಿಂಗಳು "ಕಪ್ತಾನ್, ಸಿಲಾಯಿ ಪಕ್ಕಾ ಹೈ ನಾ?" ಎಂಬ ತಮಾಷೆ ನಡೆಯಿತು. ಹೊಲಿಗೆ ಒಮ್ಮೆಯೂ ಸೋರದ ಮನುಷ್ಯ ತಲೆ ತಗ್ಗಿಸಿ ನಗುತ್ತಿದ್ದರು. ಅವರ ಪಕ್ಕದಲ್ಲೇ ನಿಂತು ನಾನೂ ನಕ್ಕದ್ದುಂಟು. ಅವರು ನನ್ನ ಜೊತೆ ಮಾತು ಬಿಡಲಿಲ್ಲ. ಮೊದಲಿನ ಹಾಗೆಯೇ ಮಳೆ ಬಂದ ದಿನ ಹಗ್ಗ ಸಡಿಲಿಸಿ ಚಹಾ ಕುಡಿದು ಹೋಗುವರು. ಗಾಳಿ ಯಾವ ಕಡೆಯದು ಎಂದು ಹೇಳುವರು. ಏನೋ ಬದಲಾಗಿದೆ ಎಂದು ಗುರುತಿಸಿದವಳು ನನ್ನ ಹೆಂಡತಿ. "ಅವ್ರು ನಿಮ್ಮನ್ನ ಏನೂ ಕೇಳಂಗಿಲ್ಲ, ನೋಡೀರೇನ್?" ಎಂದಳು. ನಿಜ. ಊಟ ಆಯ್ತಾ, ಊರಿಗೆ ಯಾವಾಗ, ಗಂಟೆ ಎಷ್ಟು ಎಂಬ ಪ್ರಶ್ನೆಗಳನ್ನೂ ಅವರು ನನಗೆ ಕೇಳುತ್ತಿರಲಿಲ್ಲ. ಹೇಳುತ್ತಿದ್ದರು, ಕೇಳುತ್ತಿರಲಿಲ್ಲ.

ಆಮೇಲೆ ನಾನು ಬೇರೆ ಕೆಲಸ ಹಿಡಿದು ಠಾಣೆಗೆ ಬಂದೆ. ಅವರು ನಿವೃತ್ತರಾಗಿ ಮಗಳ ಮನೆ ಸೇರಿದರು. ಡೊಂಬಿವಲಿಗೆ ಹೋಗುವಾಗೆಲ್ಲ ಮುಂಬ್ರಾ ದಾಟಿದ ಮೇಲೆ ರೈಲಿನ ಬಾಗಿಲಲ್ಲಿ ನಿಂತು ಖಾಡಿ ನೋಡುತ್ತಿದ್ದೆ. ರೇತಿ ತುಂಬಿ ಅಂಚಿನವರೆಗೆ ಮುಳುಗಿದ ದೋಣಿಗಳಲ್ಲಿ ಕೂವೆಯ ಮೋಟು ಇರುವ ಒಂದನ್ನು ಹುಡುಕುತ್ತಿದ್ದೆ. ಒಂದು ದಿನ ಘಣಸೋಲಿಗೆ ಹೋಗಿ ಎಲ್ಲ ಹೇಳಿಬಿಡಬೇಕು ಎಂದು ಪ್ರತಿ ಸಲವೂ ನಿಶ್ಚಯ ಮಾಡುತ್ತಿದ್ದೆ. ಠಾಣೆಯಿಂದ ಘಣಸೋಲಿ ಏನು ದೂರ! ಬಸ್ಸಿಗೆ ಒಂದು ಗಂಟೆ. ಅವರು ಅಲ್ಲಿದ್ದ ಹನ್ನೊಂದು ವರ್ಷವೂ ಹೋಗಲಿಲ್ಲ.

ಹೋದದ್ದು ಹದಿಮೂರನೆಯ ದಿನದ ಮರುದಿನ. ಹಳೆಯ ಘಣಸೋಲಿ ಗಾವ್‌ನಲ್ಲಿ, ಖಾಡಿಯ ಕಡೆಗೆ ಬಾಗಿಲಿರುವ ಎರಡು ಕೋಣೆಯ ಮನೆ. ಅವರ ಹೆಂಡತಿ ನನ್ನನ್ನು ಗುರುತಿಸಿ ಒಳಗೆ ಕರೆದು, ಮಡಿಸಿದ ಹಾಸಿನ ಮೇಲೆ ಕೂರಿಸಿದರು. ಮಾತಿನ ನಡುವೆ ಒಂದು ತಗಡಿನ ಡಬ್ಬಿ ತಂದು ಮುಂದಿಟ್ಟರು. ಒಳಗೆ ತೊಗಲಿನ ಪಟ್ಟಿ, ಮೇಣದ ಉಂಡೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಎರಡು ಸೂಜಿ. ಒಂದು ಸವೆದು ಬಾಗಿತ್ತು. ಇನ್ನೊಂದು ಹೊಚ್ಚ ಹೊಸದು.

"ಇದನ್ನ್ ಅವ್ರ್ ಮುಟ್ಟುದೇ ಇಲ್ಲ. ವರ್ಷಕ್ಕೊಂದ್ ಸಲ ಎಣ್ಣೆ ಹಚ್ಚಿ ಇಡುದ್" ಎಂದರು. "ಯಾರದ್ದ್ ಅಂತ ಕೇಳಿದ್ರೆ, ಮೇಲಿನ ಖೋಲಿಯವ್ರದ್ದ್, ಅವ್ರ್ ಬಂದ್ ಹೇಳಿದ್ ದಿನ ಬೇಕಾತ್ ಅಂತಿದ್ರ್. ನಾನ್ ಒಂದ್ ಕಾಗ್ದ ಹಾಕುಕೆ ಹೇಳ್ದೆ. ಬೇಡ, ಕೇಳುದ್ ಒಂದೇ ಸಲ ಅಂದ್ರ್." ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದರು. "ಎಂತ ಹೇಳುಕಿತ್ತ್ ನಿಮ್ಗೆ?"

"ಆ ಹಾಯಿ ಎಲ್ಲೈತ್ರಿ?" ಎಂದೆ.

"ಅದ್ರ ಮೇಲೇ ಕೂತಿದ್ರಲೆ."

ಎದ್ದು ನೋಡಿದೆ. ಹಾಸಿನ ಮಡಿಕೆ ಬಿಡಿಸಿದೆ. ಅದೇ ಬಿಳಿ ಬಟ್ಟೆ. ಉದುರಿದ ಕಡೆಯಲ್ಲೆಲ್ಲ ಬೇರೆ ಬೇರೆ ಬಣ್ಣದ ತೇಪೆ, ಪ್ರತಿ ತೇಪೆಯ ಸುತ್ತ ಗೇಣಿಗೆ ಇಷ್ಟೇ ಎಂಬ ಆ ಹೊಲಿಗೆ. ಮೇಲಿನ ಮೂಲೆಯಿಂದ ಕೆಳಗಿನವರೆಗೆ ಒಂದು ಹರುಕೂ ಉಳಿದಿರಲಿಲ್ಲ. ನಾನು ಅದರ ಮೇಲೆ ಅಂಗೈ ಊರಿದೆ.

"ಕೈ ತಪ್ಪಿತ್ರಿ" ಎಂದೆ. "ನೀರೂ ಕುಡೀತು, ಕೈಯೂ ತಪ್ಪಿತು. ನಾನ ಮಾಡಿದ್ದು."

ಆಕೆ ಹೊಸ ಸೂಜಿಯನ್ನು ಎಣ್ಣೆ ಬಟ್ಟೆಯಿಂದ ತೆಗೆದು ನನ್ನ ಕೈಯಲ್ಲಿಟ್ಟರು. ಆಮೇಲೆ ಹಾಸಿನ ಕಡೆ ನೋಡಿ, "ಆದ್ರೆ ಈಗ ಹೊಲಿಯುಕೆ ಎಂತ ಉಳ್ದಿತ್ತ್? ಎಲ್ಲ ಅವ್ರೊಬ್ರೇ ಹೊಲ್ದ್ ಮುಗ್ಸಿ ಹೋದ್ರಲೆ" ಎಂದರು.